ಮೂಲೆಮನೆ ಮಾವನ ಅಟ್ಟ

ಹೊಸ ಬಿಳಿ ಬಟ್ಟೆಗೆ ಅದರದ್ದೇ ಒಂದು ವಾಸನೆ ಇರುತ್ತದೆ. ಸ್ವಲ್ಪ ಗಂಜಿಯದ್ದು, ಸ್ವಲ್ಪ ಅಂಗಡಿಯ ಮರದ ಕಪಾಟಿನದ್ದು. ಬಣ್ಣದ ಬಟ್ಟೆಗಳಲ್ಲೂ ಇರಬಹುದು, ಆದರೆ ನನ್ನ ಮೂಗಿಗೆ ಹೊಡೆಯುವುದು ಬಿಳಿಯದ್ದೇ. ಹೋದ ವಾರ ಮೇಲಿನ ಬೀದಿಯ ತರುಣನೊಬ್ಬ ಬಿಳಿ ಬಟ್ಟೆಯ ಪೊಟ್ಟಣ ತಂದು ನನ್ನ ಹೊಲಿಗೆ ಮಿಷಿನ್ನಿನ ಮೇಲಿಟ್ಟು, "ಅಕ್ಕ, ಒಂದು ಶರ್ಟ್ ಹೊಲ್ಕೊಡಿ, ಕಾಲರ್ ನೆಟ್ಟಗೆ ನಿಂತ್ಕಬೇಕು" ಎಂದ. ಪೊಟ್ಟಣ ಬಿಚ್ಚಿದೆ. ವಾಸನೆ ಬಂದದ್ದೇ ತಡ, ಮೂಲೆಮನೆ ಮಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅಳತೆಗೆ ಎರಡೂ ಕೈ ಅಗಲಿಸಿ ನಿಂತ ಹಾಗಾಯಿತು...

ಮಾವ ಎಂದರೆ ರಕ್ತಸಂಬಂಧವೇನಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹುಣಸೆ ಮರ, ಅಷ್ಟೇ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆದು ರೂಢಿ. ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು ನಮ್ಮದು. ಮಾವನಿಗೆ ಆಗ ಐವತ್ತು ದಾಟಿರಬೇಕು. ದಪ್ಪ ಮೈ, ದೊಡ್ಡ ದನಿ. ಬೇಲಿಯಾಚೆ ಯಾರೋ ಕೆಮ್ಮಿದರೂ "ಯಾರ್ಲಾ ಅದು" ಎಂದು ಮಾತಿಗೆಳೆಯುವ ಜಾಯಮಾನ. ಮೀಸೆಗೆ ಬಣ್ಣ ಹಾಕಿಕೊಳ್ಳುತ್ತಿದ್ದರು, ಕೇಳಿದರೆ ಇಲ್ಲ ಎನ್ನುತ್ತಿದ್ದರು.

ಊರಲ್ಲಿ ಯಾರ ಮನೆಯಲ್ಲಿ ಅಟ್ಟದ ಕಾಯಿ ಇಳಿಸಿದರೂ ಮಾವ ಅಲ್ಲಿರುತ್ತಿದ್ದರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಎಂದರೆ ಕೊಬ್ಬರಿ ಆಯಿತು ಎಂದರ್ಥ. ಆಮೇಲೆ ಇಳಿಸಬೇಕು, ಸುಲಿಯಬೇಕು, ಒಡೆಯಬೇಕು. ಒಂದು ಮನೆಯವರ ಕೈಲಾಗುವ ಕೆಲಸವಲ್ಲ. ಅದಕ್ಕೇ ಮುಯ್ಯಿ. ಇವತ್ತು ನೀವು ನಮ್ಮ ಮನೆಗೆ ಆಳಾಗಿ ಬಂದರೆ, ನಿಮ್ಮ ಮನೆಯ ಕೆಲಸದ ದಿನ ನಾವು ಬರಲೇಬೇಕು. ಯಾವ ಪಕ್ಷ, ಯಾವ ಬೀದಿ ಎಂದು ಮುಯ್ಯಿಯಲ್ಲಿ ನೋಡುವುದಿಲ್ಲ. ಮಾತು ಬಿಟ್ಟವರೂ ಬಂದು, ಮಾತಾಡದೆ ಕೆಲಸ ಮಾಡಿ, ಮಾತಾಡದೆ ಉಂಡು ಹೋಗುತ್ತಾರೆ. ಮಾವ ಮಾತ್ರ ಎಲ್ಲರ ಹತ್ತಿರವೂ ಮಾತಾಡುತ್ತಲೇ ಕಾಯಿ ಸುಲಿಯುತ್ತಿದ್ದರು.

ನಮ್ಮ ವಾರ್ಡಿನ ಪಂಚಾಯಿತಿ ಮೆಂಬರು ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ. ಎದೆನೋವು ಎಂದರು, ಆಸ್ಪತ್ರೆ ಮುಟ್ಟಲಿಲ್ಲ. ಸಾಯುವ ಮುಂಚೆ ಅವರು ಹೋರಾಡಿ ನಮ್ಮ ಬೀದಿಗೆ ಒಂದು ಕೊಳವೆಬಾವಿ ಕೊರೆಸಿದ್ದರು. ನೀರು ಚೆನ್ನಾಗಿಯೇ ಬಿತ್ತು. ಮೋಟಾರ್ ಇಳಿಸಿ ಪೈಪ್ ಎಳೆಯುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಹೀಗಾಯಿತು. ಕೊಳವೆಬಾವಿಯ ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿದರು. ಹೆಂಗಸರು ಎಂದಿನಂತೆ ಬಿಂದಿಗೆ ಹೊತ್ತು ತೋಟದ ಪಂಪಿನ ಹತ್ತಿರ ಹೋಗತೊಡಗಿದೆವು.

ಪಂಚಾಯಿತಿಯಲ್ಲಿ ಎರಡು ಪಕ್ಷದವರೂ ಸಮಸಮ ಇದ್ದರು. ಅಧ್ಯಕ್ಷರು ಚೀಟಿ ಎತ್ತಿ ಅಧ್ಯಕ್ಷರಾದವರು. ನಮ್ಮ ಮೆಂಬರು ಹೋದ ಮೇಲೆ ಅಧ್ಯಕ್ಷರ ಕಡೆಗೆ ಒಂದು ಕೈ ಹೆಚ್ಚಾಯಿತು. ಖಾಲಿ ಖುರ್ಚಿಗೆ ಉಪಚುನಾವಣೆ ನಡೆದು ನಮ್ಮವರೊಬ್ಬರು ಬಂದು ಕೂತರೆ ಅವರ ಖುರ್ಚಿ ಅಲ್ಲಾಡುತ್ತಿತ್ತು. ಆದ್ದರಿಂದ ಚುನಾವಣೆ ಆಗಬಾರದು. ಇಷ್ಟೇ ವಿಷಯ. ಇದನ್ನು ಹೇಳಲು ಅವರು ಎಷ್ಟೊಂದು ಬಣ್ಣದ ಮಾತು ಹುಡುಕಿದರು ಎಂದರೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕಡೆಯಿಂದ ನಿಲ್ಲುವವರು ಮೂಲೆಮನೆ ಮಾವ ಎಂದಾಯಿತು. ಸಡಗರವೋ ಸಡಗರ. ನಾಮಪತ್ರ ಕೊಡುವ ದಿನಕ್ಕೆಂದು ತಿಪಟೂರಿನಿಂದ ಬಿಳಿ ಬಟ್ಟೆ ತಂದರು. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಕ್ಕೆಳೆದುಕೊಂಡರು. "ಮಾವ, ಉಸಿರು ಬುಡಿ, ಆಮೇಲೆ ಗುಂಡಿ ಹಾಕಕ್ಕಾಗಲ್ಲ" ಎಂದೆ. ನಕ್ಕರು. ಆಮೇಲೆ ತಮ್ಮ ಯೋಜನೆ ಹೇಳಿದರು.

"ಡೇಟ್ ಬಂದ ಮಾರ್ನೆ ದಿನ ಅಟ್ಟ ಇಳಿಸ್ತೀನಿ ಕಣಮ್ಮ. ಮೀಟಿಂಗ್ ಅಂತ ಕರುದ್ರೆ ಆ ಕಡೆಯೋರು ಬತ್ತಾರಾ? ಮುಯ್ಯಿಗೆ ಬರ್ದೆ ಇರಾಕಾಯ್ತದಾ? ಇಡೀ ವಾರ್ಡು ನಮ್ಮ ಅಂಗಳ್ದಾಗೆ ಕೂತು ಉಣ್ತೈತೆ. ಆವಾಗ ಕೇಳ್ತೀನಿ, ಬೋರ್‌ವೆಲ್‌ಗೆ ಮೋಟ್ರು ಬೇಕೋ ಬ್ಯಾಡ್ವೋ ಅಂತ."

ಜಾಣತನದ ಯೋಚನೆಯೇ. ಊರಿನ ಅರ್ಧ ಮನೆಗಳ ಮುಯ್ಯಿ ಅವರಿಗೆ ಬರಬೇಕಿತ್ತು. ಅಟ್ಟದ ಕಾಯಿಯೂ ಆಗಲೇ ಗಡಗಡ ಎನ್ನುತ್ತಿತ್ತು. ಚುನಾವಣೆಯ ದಿನ ಗೊತ್ತಾಗುವುದೊಂದೇ ಬಾಕಿ.

ಮೊದಲು ಅಧ್ಯಕ್ಷರ ಕಡೆಯವರು ಮತದಾರರ ಪಟ್ಟಿ ಸರಿಯಿಲ್ಲ ಎಂದು ತಕರಾರು ತೆಗೆದರು. ಪಟ್ಟಿ ಸರಿಹೋಗುವಷ್ಟರಲ್ಲಿ ಮಕ್ಕಳ ಪರೀಕ್ಷೆ, ಶಾಲೆಯಲ್ಲಿ ಮತಗಟ್ಟೆ ಮಾಡಬಾರದು ಎಂದರು. ಪರೀಕ್ಷೆ ಮುಗಿಯಿತು, ಮೀಸಲಾತಿ ತಪ್ಪಾಗಿದೆ ಎಂದು ಯಾರೋ ಕೋರ್ಟಿಗೆ ಹೋದರು. ಪ್ರತಿ ಸಲವೂ ಮಾವ ಚಿಕ್ಕನಾಯಕನಹಳ್ಳಿಗೆ ಹೋಗಿ ವಿಚಾರಿಸಿ, ಸಂಜೆ ಬಸ್ಸಿಗೆ ಬಂದು, ನಮ್ಮ ಜಗುಲಿಯ ಮೇಲೆ ಕೂತು "ಇನ್ನೊಂದು ತಿಂಗ್ಳು ಅಂತೆ" ಎನ್ನುತ್ತಿದ್ದರು. ನಮ್ಮ ಕಡೆಯ ಮುಖಂಡರು ಪಂಚಾಯಿತಿ ಮುಂದೆ ಶಾಮಿಯಾನ ಹಾಕಿ ಕೂತು, ಪ್ರಜಾಪ್ರಭುತ್ವದ ಕಗ್ಗೊಲೆ ಎಂದು ಕೂಗಿದರು. ಅವರೇನು ಸಾಚಾ ಎಂದುಕೊಳ್ಳಬೇಡಿ. ಪಕ್ಕದ ಪಂಚಾಯಿತಿಯಲ್ಲಿ ಮೇಲುಗೈ ಅವರದೇ. ಅಲ್ಲೂ ಒಂದು ಖುರ್ಚಿ ಖಾಲಿ ಬಿದ್ದಿತ್ತು. ಅಲ್ಲಿ ಚುನಾವಣೆ ಬೇಡ ಎಂದು ಕಾಗದ ಕೊಟ್ಟವರೂ ಅವರೇ.

ಈ ನಡುವೆ ಮೂಲೆಮನೆಯ ಅಟ್ಟ ಇಳಿಯಲಿಲ್ಲ. ಹೊಸ ಫಸಲು ಬಂತು. ಅಂಗಳದಲ್ಲಿ ಬಿಟ್ಟರೆ ಮಳೆಗೆ ಮೊಳಕೆ ಒಡೆಯುತ್ತದೆ ಎಂದು ಮಾವ ಅದನ್ನೂ ಹಳೆಯ ಕಾಯಿಯ ಮೇಲೇ ಹಾಕಿಸಿದರು. ಅತ್ತೆ ಅಡ್ಡ ನಿಂತರು. ಅವತ್ತು ಹುಣಸೆ ಮರದವರೆಗೂ ಕೇಳುವ ಹಾಗೆ ಜಗಳವಾಯಿತು.

"ತೊಲೆ ಅಜ್ಜನ ಕಾಲದ್ದು. ಗೆದ್ದಲು ಹಿಡ್ದೈತೆ. ಹಳೇದನ್ನ ಇಳ್ಸಿ ಅಂದ್ರೆ ಕೇಳಾಕಿಲ್ಲ" ಎಂದು ಅತ್ತೆ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡರು.

ಆ ಮನೆಗೆ ಹೋದಾಗಲೆಲ್ಲ ನನ್ನ ಕತ್ತು ತಾನಾಗಿಯೇ ಮೇಲೆ ಎತ್ತಿಕೊಳ್ಳುತ್ತಿತ್ತು. ಊಟದ ತಟ್ಟೆಗೆ ಸಣ್ಣ ಮಣ್ಣು ಉದುರುತ್ತಿತ್ತು. ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಉಣ್ಣುವುದನ್ನು ರೂಢಿಸಿಕೊಂಡಿದ್ದರು. ಮೇಲೆ ಇಲಿ ಓಡಿದರೆ ಎಲ್ಲೋ ಒಂದು ಕಾಯಿ ಉರುಳಿ, ನಿಂತು, ಮತ್ತೆ ಉರುಳುವ ಸದ್ದು. ಆಮೇಲೆ ತೊಲೆ ಕಿರ್ರೆನ್ನುತ್ತಿತ್ತು. ಆಗ ಮಾತು ನಿಲ್ಲಿಸಿ ಮೂವರೂ ಸುಮ್ಮನೆ ಕೂರುತ್ತಿದ್ದೆವು. ಮಾವನೂ...

ಒಂದು ದಿನ ಅಡುಗೆಮನೆಯ ಬಾಗಿಲು ಹಾಕಿಕೊಳ್ಳದಾಯಿತು. ಮೇಲಿನ ಭಾರಕ್ಕೆ ಚೌಕಟ್ಟು ಕುಗ್ಗಿತ್ತು. ಮಾವ ಬಡಗಿಯನ್ನು ಕರೆಸಿದರು. ಅಟ್ಟ ನೋಡಲಿಕ್ಕಲ್ಲ, ಬಾಗಿಲನ್ನು ಮೇಲುಗಡೆ ಒಂದಿಷ್ಟು ಹೆರೆದುಹಾಕಲಿಕ್ಕೆ. ಬಾಗಿಲು ಮತ್ತೆ ಹಾಕಿಕೊಂಡಿತು. "ನೋಡ್ದಾ, ಸರಿಹೋಯ್ತು" ಎಂದು ನನಗೆ ತೋರಿಸಿದರು. ನನಗೆ ನಗು ಬರಲಿಲ್ಲ. ಮಾವ ಇಷ್ಟು ಪೆದ್ದರಾದರೇ ಎಂದು ಸಿಟ್ಟು ಬಂತು, ಒಳಗೊಳಗೇ ಹೆದರಿಕೆಯೂ ಆಯಿತು.

"ಈಗ್ಲಾದ್ರೂ ಇಳ್ಸಿ ಮಾವ, ಎಲೆಕ್ಷನ್ ಯಾವಾಗಾದ್ರೂ ಬರ್ಲಿ" ಎಂದೆ.

"ಮುಯ್ಯಿ ಒಂದೇ ಸಲ ಕಣಮ್ಮ. ಈಗ ಕರ್ದುಬುಟ್ರೆ ಆಮೇಲೆ ಯಾವ ಬಾಯಲ್ಲಿ ಕರೀಲಿ?" ಎಂದರು.

ಕೋರ್ಟಿನ ತಡೆ ತೆರವಾದಾಗ ಇನ್ನೇನು ಎಂದುಕೊಂಡೆವು. ಆಗ ಗಂಟು ಹಾಕಿದವರು ನಮ್ಮ ಕಡೆಯವರೇ. ಆ ಸ್ಥಾನಕ್ಕೆ ಮಾವನೇ ಯಾಕೆ, ನಾನ್ಯಾಕಾಗಬಾರದು ಎಂದು ಇನ್ನೊಬ್ಬರು ಎದ್ದರು. ಒಳಜಗಳ ಬಗೆಹರಿಯುವ ತನಕ ಚುನಾವಣೆ ಮುಂದಕ್ಕೆ ಹೋದರೇ ಒಳ್ಳೆಯದು ಎಂದು ಮುಖಂಡರು ಒಳಗಿಂದೊಳಗೆ ಅಧ್ಯಕ್ಷರ ಜೊತೆ ಮಾತಾಡಿಕೊಂಡರಂತೆ. ಎರಡು ಪಕ್ಷದವರೂ ಒಂದೇ ಮಾತಿಗೆ ಬಂದದ್ದು ಅದೊಂದು ಸಲವೇ ಇರಬೇಕು. ವಿಷಯ ತಿಳಿದ ದಿನ ಮಾವ ನಮ್ಮ ಜಗುಲಿಗೆ ಬರಲಿಲ್ಲ.

ಕೆಲವು ದಿನ ಬಿಟ್ಟು ಶರ್ಟು ಹಿಡಿದುಕೊಂಡು ಬಂದರು. ಇನ್ನೂ ಗುಂಡಿ ಹಾಕಿರದ ಶರ್ಟು. ತೊಟ್ಟು ತೋರಿಸಿದರು. ಹೆಗಲು ಕೆಳಗೆ ಜಾರುತ್ತಿತ್ತು, ಕಾಲರಿನೊಳಗೆ ಕತ್ತು ಸಣ್ಣಗಾಗಿತ್ತು. ಮೀಸೆಯ ಬಣ್ಣ ಹೋಗಿ ಬುಡ ಬೆಳ್ಳಗೆ ಕಾಣುತ್ತಿತ್ತು. "ಸೊಲ್ಪ ಒಳೀಕೆ ಹಿಡ್ದುಕೊಡು" ಎಂದರು. ಈ ಸಲ ಅಳತೆ ತೆಗೆಯುವಾಗ ಹೊಟ್ಟೆ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಹೊಟ್ಟೆಯೂ ಇರಲಿಲ್ಲ.

ಆ ಮಧ್ಯಾಹ್ನ ನಾನು ಅದೇ ಶರ್ಟಿನ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದೆ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಆ ಸದ್ದು ನಿಲ್ಲಲೇ ಇಲ್ಲ. ಹೊರಗೆ ಬಂದು ನೋಡಿದರೆ ಮೂಲೆಮನೆಯ ಹೆಂಚಿನ ಸಾಲು ನಡುವೆ ಕುಸಿದು, ಕೆಂಪು ಧೂಳು ಹುಣಸೆ ಮರದೆತ್ತರ ಎದ್ದಿತ್ತು. ಮುಂಬಾಗಿಲಿನಿಂದ ಕಾಯಿಗಳು ಒಂದೊಂದಾಗಿ ಹೊಸ್ತಿಲು ದಾಟಿ ಅಂಗಳಕ್ಕೆ ಉರುಳಿ ಬರುತ್ತಿದ್ದವು. ಅತ್ತೆ ತೋಟದ ಪಂಪಿನಿಂದ ಓಡಿ ಬಂದರು. ಸೊಂಟದ ಬಿಂದಿಗೆ ಇಳಿಸುವುದನ್ನೂ ಮರೆತಿದ್ದರು. ನಮ್ಮ ಬೀದಿಗೆ ನೀರು ಬಂದಿದ್ದರೆ ಅವರೂ ಒಳಗೇ ಇರುತ್ತಿದ್ದರು. ಮಾವ ಊಟ ಮಾಡಿ ನಡುಮನೆಯಲ್ಲಿ ಮಲಗಿದ್ದರು.

ಯಾರನ್ನೂ ಕರೆಯಬೇಕಾಗಲಿಲ್ಲ. ಮೇಲಿನ ಬೀದಿಯವರು ಬಂದರು, ಕೆಳಗಿನ ಬೀದಿಯವರು ಬಂದರು. ಶಾಮಿಯಾನದಲ್ಲಿ ಕೂತಿದ್ದವರು, ಕೋರ್ಟಿಗೆ ಹೋಗಿದ್ದವರು, ಎಲ್ಲರೂ. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಮುಂದೆ ನಿಂತರು. ಬಾಗಿಲಿನಿಂದ ಅಂಗಳದ ತನಕ ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ದಾಟಿಸಿದರು. ಯಾರೂ ಮಾತಾಡಲಿಲ್ಲ. ನಾನೂ ಆ ಸಾಲಿನಲ್ಲಿದ್ದೆ. ನನ್ನ ಕೈಗೆ ಬಂದ ಹಳೆಯ ಕಾಯಿಯೆಲ್ಲ ಗಡಗಡ ಎನ್ನುತ್ತಿತ್ತು. ಯಾವಾಗಲೋ ಕೊಬ್ಬರಿಯಾಗಿ ಕೂತಿದ್ದ ಕಾಯಿ... ಮಾವ ಎಣಿಸಿದ್ದ ಹಾಗೆಯೇ ಇಡೀ ವಾರ್ಡು ಅವರ ಅಂಗಳದಲ್ಲಿತ್ತು. ಅವರು ಮಾತ್ರ ಆ ಕಾಯಿಯ ರಾಶಿಯ ಕೆಳಗಿದ್ದರು.

ಹೊರಗೆ ತಂದಾಗ ಉಸಿರು ನಿಂತು ಹೊತ್ತಾಗಿತ್ತು. ಗುಂಪಿನಲ್ಲಿ ಹಿರಿಯರೊಬ್ಬರು, ಸಮಾಧಾನ ಹೇಳುವ ಹಾಗೆ, "ಎಲ್ರೂ ಬಂದ್ರು ಕಣವ್ವ, ಅವುನ್ ಮುಯ್ಯಿ ತೀರ್ತು" ಎಂದು ಅತ್ತೆಗೆ ಹೇಳಿದರು. ಅತ್ತೆ ಅವರನ್ನು ನೋಡಿದ ನೋಟವನ್ನು ನಾನು ಬದುಕಿರುವ ತನಕ ಮರೆಯಲಾರೆ. ಆಮೇಲೆ ನನ್ನ ಕಡೆ ತಿರುಗಿ, "ಆ ಶರ್ಟ್ ಆಗೈತೇನಮ್ಮ?" ಎಂದು ಕೇಳಿದರು. ಮನೆಗೆ ಹೋಗಿ ಪಕ್ಕದ ಹೊಲಿಗೆ ಹಾಕಿದೆ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗೆ ಹೋಯಿತು. ಗುಂಡಿಯನ್ನು ಕೈಯಲ್ಲೇ ಹೊಲಿದೆ. ಮಾವನನ್ನು ತೋಟದ ಮಣ್ಣಿಗೆ ಇಳಿಸುವಾಗ ಅದೇ ಶರ್ಟು ಮೈಮೇಲಿತ್ತು. ಕಾಲರ್ ನೆಟ್ಟಗೆ ನಿಂತಿತ್ತು.

ಉಪಚುನಾವಣೆ ಕೊನೆಗೂ ನಡೆಯಲಿಲ್ಲ. ಇನ್ನೇನು ಅವಧಿಯೇ ಮುಗಿಯುತ್ತದೆ, ಈಗ ಯಾಕೆ ಎಂದರು. ಆ ಖುರ್ಚಿ ಖಾಲಿಯಾಗಿಯೇ ಅವಧಿ ತುಂಬಿತು. ಈಗ ಇಡೀ ಪಂಚಾಯಿತಿಯೇ ಖಾಲಿ. ಮೆಂಬರುಗಳಿಲ್ಲ, ಆಡಳಿತಾಧಿಕಾರಿ ಎಂಬವರು ಯಾವಾಗಲೋ ಬಂದು ಹೋಗುತ್ತಾರೆ. ಚುನಾವಣೆ ಬೇಗ ಬೇಕು ಎಂದು ಒಂದು ಕಡೆಯವರು, ಈಗಲೇ ಬೇಡ ಎಂದು ಇನ್ನೊಂದು ಕಡೆಯವರು ಕಿತ್ತಾಡುತ್ತಲೇ ಇದ್ದಾರೆ. ಮಾತುಗಳು ಮಾತ್ರ ಅದಲುಬದಲಾಗಿವೆ. ಅತ್ತೆ ಅರಳಗುಪ್ಪೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಾರಸಿ ಮನೆ. ಆದರೂ ಉಣ್ಣುವಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಂತೆ. ನಮ್ಮ ಬೀದಿಯ ಕೊಳವೆಬಾವಿಯ ಮೇಲೆ ಆ ಚಪ್ಪಡಿ ಹಾಗೇ ಇದೆ. ಮೂಲೆಮನೆಯ ಜಾಗದಲ್ಲಿ ಮೊಂಡು ಗೋಡೆ ಉಳಿದಿದೆ. ಮಾವನ ದೊಡ್ಡ ದನಿ ಇಲ್ಲದ ಬೀದಿಗೆ ನಾನಿನ್ನೂ ಒಗ್ಗಿಕೊಂಡಿಲ್ಲ.

ಮೇಲಿನ ಬೀದಿಯ ತರುಣ ಅಳತೆಗೆ ಕೈ ಅಗಲಿಸಿ ನಿಂತಿದ್ದ. ಗಟ್ಟಿಮುಟ್ಟಾದ ಮೈ. ಅವತ್ತು ಕಾಯಿ ದಾಟಿಸಿದ ಸಾಲಿನಲ್ಲಿ ಅವನ ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು.

"ಎಲೆಕ್ಷನ್ನಿಗೆ ನಿಂತ್ಕತಿದ್ದೀಯೇನಪ್ಪ?" ಎಂದೆ.

"ಹೂಂ ಅಕ್ಕ. ಇನ್ನೇನು, ಡೇಟ್ ಬಂದೇಬುಡ್ತೈತೆ."

ಟೇಪನ್ನು ಅವನ ಹೆಗಲ ಮೇಲಿಟ್ಟೆ.

"ನಿಮ್ಮ ಮನೆ ಅಟ್ಟ ಇಳಿಸಿದ್ದೀರಾ?"

ಅವನು ನಕ್ಕ. "ಆ ಗಡಿಬಿಡಿಯಾಗೆ ಎಲ್ಲಿ ಆಯ್ತದೆ ಅಕ್ಕ? ಎಲೆಕ್ಷನ್ ಕಳೀಲಿ, ಇಳಿಸ್ತೀವಿ."

ನಾನು ಟೇಪು ಸುತ್ತಿ ಡ್ರಾಯರಿನಲ್ಲಿಟ್ಟೆ. ಅವನ ಬಿಳಿ ಬಟ್ಟೆಯನ್ನು ಮಡಿಸಿ ಅವನ ಕೈಗೇ ವಾಪಸು ಕೊಟ್ಟೆ. ಮೊದಲು ಅಟ್ಟ ಇಳಿಸಿ ಬಾ, ಅಳತೆ ಆಮೇಲೆ ತೆಗೀತೀನಿ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಹೋದ. ಇನ್ನೂ ಬಂದಿಲ್ಲ.