ಮುನಿಸಿಕೊಂಡ ಕೈ

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದೆ. ಲಾಳಿ ಓಡಿಸುವ ಹಗ್ಗ ಬಲಗೈಯಿಂದ ಜಾರಿತು. ಮತ್ತೆ ಹಿಡಿಯಲು ಹೋದೆ. ಕೈ ಮಾತು ಕೇಳಲಿಲ್ಲ. ಹೆಂಡತಿ ಶಾಂತಾಳನ್ನು ಕೂಗಿದೆ. ಬಾಯಿಂದ ಬಂದದ್ದು ಅವಳ ಹೆಸರಾಗಿರಲಿಲ್ಲ.

ಸ್ಟ್ರೋಕ್.

ಗದಗಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಜೀವಕ್ಕೇನೂ ಭಯ ಇಲ್ರಿ. ಬಲಗೈದು ಮಾತ್ರ ಈಗ ಹೇಳಾಕ ಬರೂದಿಲ್ಲ" ಎಂದರು. ನೇಕಾರನಿಗೆ ಹೇಳುವ ಸಮಾಧಾನವೇ ಇದು? ಹರಿದ ಎಳೆ ಕಟ್ಟಲಾಗದ ಕೈ ಇದ್ದರೆಷ್ಟು, ಬಿಟ್ಟರೆಷ್ಟು!

ಆಮೇಲಿನ ದಿನಗಳನ್ನು ನೀರಿನೊಳಗಿಂದ ನೋಡಿದ ಹಾಗೆ ನೆನಪಿದೆ. ತಲೆಯ ಮೇಲೆ ಫ್ಯಾನ್ ತಿರುಗಿದರೆ ನನಗೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ಮುಗಿಯದ ಸೀರೆಯೊಂದು ವಾರ್ಡಿನ ಉದ್ದಕ್ಕೂ ಹಾಸಿಕೊಂಡು, ಕಿಟಕಿ ದಾಟಿ ಎಲ್ಲಿಗೋ ಹೋಗುತ್ತಿತ್ತು; ನಾನು ಅದರ ಅಂಚಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ. ಫಿಜಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದರು. ಚೆಂಡು ಉರುಳಿ ಹೋಯಿತು. ಶಾಂತಾ ಚಮಚದಿಂದ ಗಂಜಿ ತಿನ್ನಿಸಿದಳು. ಗೋಡೆಯ ಕಡೆ ಮುಖ ಮಾಡಿ ಅತ್ತೆ.

ಪಕ್ಕದ ಹಾಸಿಗೆಯಲ್ಲಿ ಹಮ್ಮಿಗಿಯ ರೈತರೊಬ್ಬರಿದ್ದರು. ಅವರದೂ ಸ್ಟ್ರೋಕೇ, ನನಗಿಂತ ಜೋರು. ಎಚ್ಚರವೇ ಇರಲಿಲ್ಲ. ಅವರ ಹೆಂಡತಿ ನೀಲವ್ವ ದಿನವಿಡೀ ಗಂಡನ ಕೈ ತಿಕ್ಕುತ್ತ, ಹೊಲದ ಸುದ್ದಿ ಹೇಳುತ್ತ ಕೂರುತ್ತಿದ್ದಳು. ನಮ್ಮ ಕಡೆ ಬುತ್ತಿ ಬಿಚ್ಚಿದವರು ಪಕ್ಕದವರನ್ನು ಊಟಕ್ಕೆ ಕರೆಯದೆ ತುತ್ತೆತ್ತುವುದಿಲ್ಲ. ಕರೆಸಿಕೊಂಡವರು "ನಮ್ದು ಊಟ ಆತ್ರಿ, ನೀವು ಮಾಡ್ರಿ" ಅನ್ನಬೇಕು. ನಾನೂ ಹಾಗೇ ತೊದಲಿದೆ. ಆಕೆ ಕೇಳುವವಳಲ್ಲ. ಖಡಕ್ ರೊಟ್ಟಿಯನ್ನು ಮುರಿದು, ಮೊಸರಲ್ಲಿ ನೆನೆಸಿ ತಂದೇಬಿಟ್ಟಳು. ಶಾಂತಾ ಚಮಚ ಹುಡುಕತೊಡಗಿದಳು.

"ಚಮಚ ಬ್ಯಾಡವ್ವ. ನೀ ಹಿಂಗ ತಿನಿಸಿದ್ರ ಆ ಕೈಗೆ ಕೆಲಸಾನ ಬ್ಯಾಡಾಗತೈತಿ. ಅಣ್ಣಾರ ಕೈ ಸತ್ತಿಲ್ಲ, ಮುನಿಸ್ಕೊಂಡೈತಿ. ರಮಿಸಬೇಕು."

ನನ್ನ ಬಲಗೈಯನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ತನ್ನ ಒರಟು ಬೆರಳು ಮಡಚಿ, ತುತ್ತು ಮಾಡಿಸಿ ಬಾಯಿಗೆ ತಂದಳು. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಶಾಂತಾ ಮಾತ್ರ ನಕ್ಕುಬಿಟ್ಟಳು, ಎಷ್ಟೋ ದಿನಗಳ ಮೇಲೆ. ಅಂದಿನಿಂದ ದಿನಾಲೂ ಇದೇ ಪಾಠ. ಒಂದು ಮಧ್ಯಾಹ್ನ ನನ್ನ ಹೆಬ್ಬೆರಳು ತಾನಾಗಿ ತುತ್ತನ್ನು ಒತ್ತಿತು. ನೀಲವ್ವ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಪಕ್ಕದ ಹಾಸಿಗೆ ಖಾಲಿಯಾಗಿತ್ತು.

ಅವರು ತೀರಿಕೊಂಡರೆಂದು ನರ್ಸ್ ಹೇಳಿದಳು. ನೀಲವ್ವನಿಗೆ ಒಂದು ಮಾತು ಹೇಳಲೂ ಆಗಲಿಲ್ಲ.

ಈಗ ಎಳೆ ಕಟ್ಟುತ್ತೇನೆ. ಮೊದಲು ಕ್ಷಣದಲ್ಲಿ ಆಗುತ್ತಿದ್ದದ್ದಕ್ಕೆ ಈಗ ಹೊತ್ತು ಹಿಡಿಯುತ್ತದೆ; ಎರಡು ಬೆರಳು ಇನ್ನೂ ಜೋಮು. ಹೋದ ವಾರ ಶಾಂತಾಳೊಂದಿಗೆ ಹಮ್ಮಿಗಿಯ ಬಸ್ಸು ಹತ್ತಿದೆ. ನೀಲವ್ವ ಸೊರಗಿಹೋಗಿದ್ದಳು. ತಾಟು ಇಟ್ಟು ಬಡಿಸಿದಳು. ನಾನು ಬಲಗೈಯಿಂದ ನಿಧಾನವಾಗಿ ರೊಟ್ಟಿ ಮುರಿದೆ. ಆಕೆ ನನ್ನ ಮುಖ ನೋಡಲೇ ಇಲ್ಲ, ಕೈಯನ್ನೇ ನೋಡುತ್ತಿದ್ದಳು.

"ಅವರ ಕೈ ಎಷ್ಟು ತಿಕ್ಕಿದ್ರೂ ಏಳಲಿಲ್ರಿ ಅಣ್ಣಾರ" ಎಂದಳು. "ನನ್ನ ಕೈಗುಣಾನ ಸರಿ ಇಲ್ಲ ಅಂತ ಇಷ್ಟು ದಿನ ಕುಂತಿದ್ದೆ."

ಹೊಟ್ಟೆ ತುಂಬಿತ್ತು. ಆದರೂ ಬಲಗೈ ಚಾಚಿ ಇನ್ನೊಂದು ರೊಟ್ಟಿ ಕೇಳಿದೆ.