ಕೊನೆ ಕಾಣದ ಕರಿಬಸಯ್ಯನವರು

ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯನವರ ಅಂಗಡಿಯಲ್ಲಿ ಸೀರೆಗಿಂತ ಕನ್ನಡ ಸಿನಿಮಾ ಸಿಡಿಗಳೇ ಹೆಚ್ಚು. ಗಿರಾಕಿ ಸೆರಗು ತೋರಿಸಿ ಎಂದರೆ ಇವರ ಕೈಗೆ ಸಿಡಿಯೇ ಸಿಗುತ್ತದೆ. ಮಕ್ತಲಿನಿಂದ ಗೆಳೆಯ ಅಂಜನಕುಮಾರ್ ತನ್ನ ತೆಲುಗು ಸಿಡಿಗಳ ಚೀಲ ಹೊತ್ತು ಬಂದನೆಂದರೆ ಮುಗಿಯಿತು, ಯಾರ ನಾಯಕ ಚೆನ್ನಾಗಿ ಅಳುತ್ತಾನೆ ಎಂಬ ವಾದದಲ್ಲಿ ಚಹಾ ಆರಿಹೋಗುತ್ತದೆ. “ಹೌದ್ರಿ, ನಿಮ್ಮ ಸಿನಿಮಾ ಕೊನಿಗೆ ಏನಾಗ್ತೈತಿ?” ಎಂದು ಅವನು ಕೆಣಕಿದರೆ ಮಾತ್ರ ಇವರು ತಲೆ ಕೆರೆದುಕೊಂಡು ನಗುತ್ತಾರೆ: “ಇಷ್ಟು ದೊಡ್ಡ ಪಂಡಿತ ನಾನು, ಒಂದು ಸಿನಿಮಾನೂ ಪೂರಾ ನೋಡಿಲ್ಲಪಾ!” ಮದುವೆಯಾದ ಹೊಸದರಲ್ಲಿ ಹೆಂಡತಿ ಗುರುಲಿಂಗಮ್ಮನೊಂದಿಗೆ ರಾಯಚೂರಿಗೆ ಸಿನಿಮಾಕ್ಕೆ ಹೋದಾಗಲೆಲ್ಲ ಕಡೆಯ ಬಸ್ಸು ತಪ್ಪೀತೆಂದು ಕ್ಲೈಮ್ಯಾಕ್ಸಿಗೆ ಮುಂಚೆಯೇ ಎದ್ದು ಓಡುತ್ತಿದ್ದರು, ಉಳಿದ ಕತೆಯನ್ನು ದಾರಿಯುದ್ದಕ್ಕೂ ಆಕೆಯೇ ಕಟ್ಟಿ ಹೇಳುತ್ತಿದ್ದಳು. ಈಗ ಬಸ್ಸಿನ ಅವಸರವಿಲ್ಲ. ಆದರೂ ನಾಯಕನಿಗೆ ಗುಂಡು ತಗಲುವ ಹೊತ್ತಿಗೆ ಇವರು ಟಿವಿ ಆರಿಸಿ ಅಡುಗೆಮನೆಯತ್ತ ಕೂಗುತ್ತಾರೆ, “ಮುಂದೇನಾತು ಹೇಳಽ!” ಆಕೆ ರೊಟ್ಟಿ ಬಡಿಯುತ್ತಲೇ ಎಲ್ಲರನ್ನೂ ಬದುಕಿಸುತ್ತಾಳೆ. “ನಿನ್ನ ಹತ್ರ ಚೀಲಗಟ್ಟಲೆ ಇರಲಿ ತಮ್ಮಾ,” ಎನ್ನುತ್ತಾರೆ ಅಂಜನಕುಮಾರನಿಗೆ, “ನನ್ನ ಸಿನಿಮಾದಾಗ ಇವತ್ತಿನ ತನಕ ಒಬ್ಬರೂ ಸತ್ತಿಲ್ಲ.”