ಹಲ್ಲಿನ ಡಾಕ್ಟರ ಮೂರನೇ ಡ್ರಾಯರು

ನಮ್ಮ ಬೀದಿಯ ಹಲ್ಲಿನ ಡಾಕ್ಟರ ಮೇಲೆ ನನಗೆ ಬಹಳ ಕಾಲ ಒಂದು ಅಸಮಾಧಾನವಿತ್ತು. ಅವರ ಚಿಕಿತ್ಸೆಯ ಕೋಣೆಯಲ್ಲಿ ಗಾಜಿನ ಮುಖದ ಮೂರು ಡ್ರಾಯರುಗಳ ಕಪಾಟೊಂದಿದೆ. ಮೇಲಿನ ಎರಡು ಯಾವಾಗ ನೋಡಿದರೂ ಅರೆಬರೆ ಖಾಲಿ. ಮೂರನೆಯದು ಮಾತ್ರ ತುಂಬಿ ತುಳುಕುತ್ತಿತ್ತು. ಮೊಹರು ಹಾಕಿದ ಪೊಟ್ಟಣಗಳು, ಒಂದೊಂದರಲ್ಲೂ ಫಳಫಳ ಹೊಳೆಯುವ ಇಕ್ಕಳ, ಕೊಕ್ಕೆ, ಕನ್ನಡಿ. ಆದರೆ ನಾನು ಕುರ್ಚಿಯಲ್ಲಿ ಮಲಗಿ ಬಾಯಿ ಕಳೆದ ಗಳಿಗೆಗೆ ಸರಿಯಾಗಿ ಡಾಕ್ಟರು, "ಸ್ವಲ್ಪ ಕಾಯಿರಿ, ಸಾಮಾನು ಇನ್ನೂ ಹಬೆಯಲ್ಲಿದೆ" ಅನ್ನುತ್ತಿದ್ದರು. ಮೂರನೇ ಡ್ರಾಯರಿಗೆ ಕೈ ಹಾಕುತ್ತಿರಲಿಲ್ಲ.

ಕಾರಣವನ್ನು ನಾನೇ ಕಂಡುಹಿಡಿದುಕೊಂಡೆ. ಒಳ್ಳೆಯ ಸಾಮಾನೆಲ್ಲ ದೊಡ್ಡ ಮನುಷ್ಯರಿಗೆ ಮೀಸಲು, ನಮ್ಮಂಥವರ ಹುಳುಕಿಗೆ ಮೇಲಿನ ಡ್ರಾಯರೇ ಹೆಚ್ಚು. ಬಾಯಲ್ಲಿ 'ನಮ್ಮಂಥವರು' ಅಂದರೂ, ಆ ದೊಡ್ಡ ಮನುಷ್ಯರ ಪೈಕಿ ನಾನೇಕೆ ಸೇರಲಿಲ್ಲ ಎಂಬುದೇ ಒಳಗಿನ ಉರಿ. ಈ ಉರಿಗೆ ನನಗೊಬ್ಬರು ಜೊತೆಗಾರರಿದ್ದರು. ಬೀದಿಯ ನಿವಾಸಿಗಳ ಸಂಘಕ್ಕೆ ಅವರು ಅಧ್ಯಕ್ಷರು. ಹೆಂಡತಿ ಕೂಡ ಅವರನ್ನು ಅಧ್ಯಕ್ಷರೇ ಎಂದೇ ಕರೆಯುತ್ತಾರೆಂದು ಸುದ್ದಿ. "ಅಧ್ಯಕ್ಷನಿಗೇ ತೆಗೆಯದ ಡ್ರಾಯರು ಇನ್ಯಾರಿಗೆ ತೆಗೀತಾರ್ರೀ?" ಎಂದು ಅವರು ಊದಿದ ಕೆನ್ನೆ ಹಿಡಿದುಕೊಂಡು ಕೇಳುತ್ತಿದ್ದರು. ಅವರ ಕೆಳದವಡೆಯ ಹಲ್ಲೊಂದು ಅಧ್ಯಕ್ಷಗಿರಿಯಷ್ಟೇ ಹಳೆಯದು, ಅಷ್ಟೇ ಅಲುಗಾಡುತ್ತಿತ್ತು. ಕೀಳಿಸುವುದನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದರು.

ನಾವಿಬ್ಬರೂ ಊಹಿಸಿದ್ದು ಸುಳ್ಳು. ನಿಜ ಏನೆಂದು ಆಮೇಲೆ ಹೇಳಿದವರು ಡಾಕ್ಟರ ಅಕ್ಕ. ಮುಂದಿನದೆಲ್ಲ ಅವರು ಹೇಳಿದ್ದು. ಅವರು ಹೇಳದೆ ಬಿಟ್ಟದ್ದನ್ನು ಡಾಕ್ಟರ ಮುಖ ನೋಡಿದ ಯಾರಾದರೂ ತುಂಬಿಕೊಳ್ಳಬಹುದಿತ್ತು.

ಕ್ಲಿನಿಕ್ಕೆಂದರೆ ಎರಡು ಕೋಣೆ. ಮುಂದಿನದರಲ್ಲಿ ಬೆಂಚು, ಹಿಂದಿನದರಲ್ಲಿ ಕುರ್ಚಿ. ಇವೆರಡರ ನಡುವೆ, ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಹಿಡಿಯಬೇಕಾದಂಥ ಒಂದು ಸಂದಿ. ಅಲ್ಲಿ ತೊಟ್ಟಿ, ನಲ್ಲಿ, ಆಟೋಕ್ಲೇವ್ ಎಂಬ ಹಬೆಯಂತ್ರ. ಡಾಕ್ಟರು ಹಲ್ಲು ಕಿತ್ತಷ್ಟು ಕಾಲವೂ ಅವರ ಹೆಂಡತಿ ಈ ಸಂದಿಯನ್ನು ಆಳಿದ್ದರು. ಬಾಯಿಂದ ಬಂದ ಸಾಮಾನನ್ನು ಉಜ್ಜಿ ತೊಳೆದು, ಒರೆಸಿ, ಒಂದು ಕಡೆ ಕಾಗದ ಇನ್ನೊಂದು ಕಡೆ ಪಾರದರ್ಶಕ ಹಾಳೆ ಇರುವ ಪೊಟ್ಟಣಕ್ಕೆ ಹಾಕಿ, ಬಾಯಿ ಅಂಟಿಸಿ, ಮೇಲೆ ತಾರೀಕು ಬರೆದು ಹಬೆಗಿಡುವುದು. ಹಬೆ ಮುಗಿದ ಮೇಲೂ ಅಲ್ಲೇ ಬಿಟ್ಟು ಪೂರ್ತಿ ಒಣಗಿಸುವುದು. ಪೊಟ್ಟಣ ಒದ್ದೆಯಿದ್ದರೆ ಆ ಒದ್ದೆಯ ದಾರಿ ಹಿಡಿದು ಕ್ರಿಮಿ ಒಳಗೆ ಹೋಗುತ್ತದೆ; ಮಾಡಿದ್ದೆಲ್ಲ ದಂಡ. ಡಾಕ್ಟರಿಗೆ ಇದು ಗೊತ್ತಿಲ್ಲದ್ದೇನಲ್ಲ, ಪುಸ್ತಕದಲ್ಲಿ ಓದಿದವರೇ. ಆದರೆ ತಾಳ್ಮೆ ಅವರ ಪುಸ್ತಕದಲ್ಲಿರಲಿಲ್ಲ. ಅವರು ಪೊಟ್ಟಣವನ್ನು ಬಿಸ್ಕತ್ತಿನದರಂತೆ ಪರ್ರೆಂದು ಹರಿಯುತ್ತಿದ್ದರು. ಕಾಗದದ ಜುಂಗು ಸಾಮಾನಿನ ಮೇಲೆ ಬೀಳುತ್ತಿತ್ತು. ಸಂದಿಯಿಂದ ದನಿ ಬರುತ್ತಿತ್ತು: "ಹರೀಬೇಡಿ ಅಂದ್ನಲ್ಲ. ತುದಿಯ ಎರಡು ಕಿವಿ ಹಿಡಿದು ಮೆಲ್ಲಗೆ ಬಿಡಿಸಿ. ಯಾರ ಮೇಲಿನ ಕೋಪ ಅದು?"

ಪೊಟ್ಟಣದ ಮೇಲೆ ಆಕೆ ತಾರೀಕಿನ ಜೊತೆ ಹೆಸರನ್ನೂ ಬರೆಯುತ್ತಿದ್ದರು. ಸಾಮಾನಿಗೆ ಕಂಪನಿ ಇಟ್ಟ ಹೆಸರಲ್ಲ, ತಾವಿಟ್ಟದ್ದು. ಒಮ್ಮೆ ಹಿಡಿದರೆ ಬಿಡದ ದೊಡ್ಡ ಇಕ್ಕಳ 'ಅತ್ತೆಮ್ಮ'. ಮೂಲೆಮೂಲೆ ಇಣುಕುವ ಕನ್ನಡಿ 'ನಾದಿನಿ'. ಹಲ್ಲಿನ ಬುಡಕ್ಕೆ ಕೈಹಾಕಿ ಮೀಟುವ ಸಾಧನ 'ಭಾವ'. ಹೀಗೆ ಗಂಡನ ಕಡೆಯ ಇಡೀ ಬಳಗವನ್ನು ಆಕೆ ದಿನವೂ ಹಬೆಯಲ್ಲಿ ಬೇಯಿಸುತ್ತಿದ್ದರು.

ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಆಕೆ ಕ್ಲಿನಿಕ್ಕಿಗೆ ಬಂದು, ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದು ಹಬೆಗಿಟ್ಟರು. ನಡುನಡುವೆ ಸ್ಟೂಲಿನ ಮೇಲೆ ಕುಳಿತು ಸುಧಾರಿಸಿಕೊಂಡರು. ಮೂರನೇ ಡ್ರಾಯರು ತುಂಬಿದ ಮೇಲೆ ಮೊಣಕಾಲಿನಿಂದ ಒತ್ತಿ ಮುಚ್ಚಿ ಅಂದರು: "ನಾನು ಬರೋ ತನಕ ಇಷ್ಟು ಸಾಕು."

ಆಕೆ ಬರಲಿಲ್ಲ.

ಡಾಕ್ಟರು ಕ್ಲಿನಿಕ್ಕಿನ ಬಾಗಿಲನ್ನೇನೋ ತೆಗೆದರು. ಆ ಡ್ರಾಯರನ್ನು ತೆಗೆಯಲಿಲ್ಲ. ಮುಂದಿನ ಕೋಣೆಯಲ್ಲಿ ಫೋನು ಎತ್ತಲು ಅಕ್ಕ ಬಂದು ಕೂತರು. ಅವರಿಗೆ ಬಲಗಿವಿ ಕೇಳಿಸದು, ಎಡಗಿವಿ ತಮಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಸಂದಿಯ ಕೆಲಸವನ್ನು ಡಾಕ್ಟರು ತಾವೇ ವಹಿಸಿಕೊಂಡರು. ಹೊರಗೆ ಉಳಿದ ಸಾಮಾನು ಕಡಿಮೆ, ಬೆಂಚಿನ ಮೇಲೆ ಬಾಯಿಗಳು ಹೆಚ್ಚು. ಯಂತ್ರ ಒಣಗಿಸುವ ಹಂತಕ್ಕೆ ಬರುತ್ತಲೇ ನಿಲ್ಲಿಸಿ, ಹಸಿಹಸಿ ಪೊಟ್ಟಣಗಳನ್ನು ಟೇಬಲ್ ಫ್ಯಾನಿನ ಮುಂದೆ ಹರವುತ್ತಿದ್ದರು. ಬಟ್ಟೆ ಒಣಗಿಸಿದ ಹಾಗೆ.

"ಆ ಕೆಳಗಿನದು ತುಂಬಿದೆಯಲ್ಲೋ" ಎಂದರು ಅಕ್ಕ ಒಂದು ದಿನ.

"ಅದು ಇರಲಿ."

"ಯಾಕೆ ಇರಲಿ?"

"ಇರಲಿ ಅಂದ್ನಲ್ಲಕ್ಕ."

ಎಡಗಿವಿಗೆ ಅದು ಕೇಳಿಸಿತು. ಅಕ್ಕ ಮತ್ತೆ ಕೇಳಲಿಲ್ಲ.

ಹೀಗಿರುವಾಗ ತಪಾಸಣೆಯ ಅಧಿಕಾರಿ ಬಂದರು. ಸಣ್ಣ ದಂತ ಚಿಕಿತ್ಸಾಲಯಗಳ ಶುಚಿ, ಸುರಕ್ಷತೆ, ಗುಣಮಟ್ಟ ನೋಡುವುದು ಅವರ ಕೆಲಸ. ಕನ್ನಡಕಕ್ಕೆ ಸರಪಳಿ, ಕಾಲಿಗೆ ಸದ್ದಿಲ್ಲದ ಚಪ್ಪಲಿ, ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ಹುಡುಕುವ ಟೀಚರಮ್ಮನ ಕಣ್ಣು. ಅಕ್ಕ ಅವರನ್ನು ರೋಗಿ ಎಂದುಕೊಂಡು, "ಯಾವ ಹಲ್ಲಮ್ಮ? ಹೆದರ್ಕೋಬೇಡ, ನನ್ನ ತಮ್ಮನ ಕೈ ಹೂವು" ಎಂದು ಬೆನ್ನು ಸವರಿದರು. ಅಧಿಕಾರಿ ಗುರುತಿನ ಚೀಟಿ ತೋರಿಸಿದ ಮೇಲೂ ಸವರುವುದನ್ನು ನಿಲ್ಲಿಸಲಿಲ್ಲ.

ಅಧಿಕಾರಿ ಚೂಪು ಸೂಜಿಗಳ ಡಬ್ಬ ನೋಡಿದರು, ಎಕ್ಸ್‌ರೇ ಯಂತ್ರ ನೋಡಿದರು, ನಲ್ಲಿಯ ನೀರು ಹರಿಸಿ ನೋಡಿದರು. ಎಲ್ಲ ಸರಿಯಾಗಿತ್ತು. ಸಂದಿಗೆ ಬಂದು ಫ್ಯಾನಿನ ಮುಂದೆ ನಿಂತರು. ಒಂದು ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿದರು. ಬೆರಳು ಒದ್ದೆಯಾಯಿತು.

"ಇದು ಯಾವಾಗಿಂದ, ಡಾಕ್ಟ್ರೇ?"

ಡಾಕ್ಟರು ಕೈ ಚಾಚಿ ಫ್ಯಾನು ಆರಿಸಿದರು.

"ನಿಮಗೆ ಗೊತ್ತಿಲ್ದೆ ಇರೋದಲ್ಲ ಇದು. ಬೆಳಿಗ್ಗೆಯಿಂದ ಇಂಥಾದ್ದನ್ನೇ ಬಾಯಿಗೆ ಹಾಕಿದ್ರಾ?"

"ಸಾಮಾನು ಸಾಲ್ತಿಲ್ಲ ಮೇಡಂ" ಎಂದರು ಡಾಕ್ಟರು. ಅವರಿಗೇ ಆ ದನಿ ಯಾರದೋ ಎನ್ನಿಸಿತು. ಈ ಒಂದು ಮಾತನ್ನು ಸಂದಿಯ ಆಕೆ ಕೇಳಿದ್ದರೆ ಒಂದು ವಾರ ಮಾತು ಬಿಡುತ್ತಿದ್ದರು.

"ಸಾಲ್ತಿಲ್ಲ" ಎಂದು ಅಧಿಕಾರಿ ತಿರುಗಿ ಕಪಾಟು ನೋಡಿದರು. ಒಳಗೆ ಹೋಗಿ, ಬಗ್ಗಿ ಮೂರನೇ ಡ್ರಾಯರು ಎಳೆದರು. ತುಂಬಿದ್ದರಿಂದ ಮೊದಲು ಬರಲಿಲ್ಲ, ಆಮೇಲೆ ಒಮ್ಮೆಲೇ ಬಂತು. ಮೇಲಿನ ಪೊಟ್ಟಣ ತೆಗೆದು ತಾರೀಕು ಓದಿದರು. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದರು.

"ಇದರ ಅವಧಿ ಯಾವಾಗಲೋ ಮುಗಿದಿದೆ. ಮತ್ತೆ ಇದೇನು, ಅತ್ತೆಮ್ಮ?"

"ಇಕ್ಕಳ" ಎಂದರು ಡಾಕ್ಟರು.

"ಯಾರ ಅತ್ತೆ?" ಎಂದು ಬಾಗಿಲಿನಿಂದ ಅಕ್ಕ ಕೇಳಿದರು. "ನಮ್ಮಮ್ಮನಾ? ಇಕ್ಕಳಕ್ಕಾ?" ಹತ್ತಿರ ಬಂದು ಡ್ರಾಯರೊಳಗೆ ಬಗ್ಗಿದರು. "ನಾದಿನಿ ಅಂತಾನೂ ಇದೆಯಲ್ಲೋ. ಅದು ಯಾವುದು?"

"ಕನ್ನಡಿ ಅಕ್ಕ. ಸಂದಿಗೊಂದಿಯೆಲ್ಲ ಇಣುಕಿ ನೋಡತ್ತೆ."

"ಹಾಗಾದ್ರೆ ನಾನೇ" ಎಂದರು ಅಕ್ಕ. ನಗಲು ಹೊರಟವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದಿನ ಕೋಣೆಗೆ ಹೋದರು.

ಅಧಿಕಾರಿ ಕೈಯಲ್ಲಿದ್ದ ಬರಹವನ್ನೂ ಡಾಕ್ಟರ ಮುಖವನ್ನೂ ನೋಡಿದರು. ಯಾರು ಬರೆದದ್ದೆಂದು ಕೇಳಲಿಲ್ಲ. ಪೊಟ್ಟಣವನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟರು.

"ಹೊಸ ಸಾಮಾನು ತರಿಸ್ತೀನಿ" ಎಂದರು ಡಾಕ್ಟರು.

"ತರಿಸಿ. ಆದ್ರೂ ಇದು ಹೀಗೆ ಇಲ್ಲಿರೋ ಹಾಗಿಲ್ಲ. ಅವಧಿ ಮುಗಿದದ್ದು ಕಪಾಟಲ್ಲಿದ್ರೆ ಯಾವತ್ತೋ ಒಂದು ದಿನ ಯಾರೋ ತೆಗೆದು ಯಾರದೋ ಬಾಯಿಗೆ ಹಾಕ್ತಾರೆ. ಎಲ್ಲಾ ಬಿಚ್ಚಿ, ಮತ್ತೆ ತೊಳೆದು, ಮತ್ತೆ ಹಬೆಗಿಡಬೇಕು. ಒದ್ದೆ ಪೊಟ್ಟಣ ಇನ್ನೊಂದು ಸಲ ಕಂಡ್ರೆ ನಾನು ಬಾಗಿಲು ಹಾಕಿಸಲೇಬೇಕು." ಚಪ್ಪಲಿಯಂತೆಯೇ ಸದ್ದಿಲ್ಲದ ದನಿಯಲ್ಲಿ ಸೇರಿಸಿದರು: "ಮುಂದಿನ ವಾರ ಬರ್ತೀನಿ. ಅಲ್ಲೀತನಕ ರೋಗಿಗಳು ಬೇಡ."

ಆ ವಾರ ಡಾಕ್ಟರು ರೋಗಿಗಳಿಲ್ಲದ ಕುರ್ಚಿಯಲ್ಲಿ ತಾವೇ ಮಲಗಿ ಛಾವಣಿ ನೋಡಿದರು. ಬಾಗಿಲು ಹಾಕಿದರೆ ಸಂದಿಯೂ ಹೋಗುತ್ತದೆ, ಸ್ಟೂಲೂ ಹೋಗುತ್ತದೆ, ಆಕೆ ನಲ್ಲಿಗೆ ಕಟ್ಟಿದ ಬಟ್ಟೆಯ ಚಿಂದಿಯೂ ಹೋಗುತ್ತದೆ. ಬಾಗಿಲು ಉಳಿಯಬೇಕಾದರೆ ಆಕೆ ಕೊನೆಯದಾಗಿ ಮುಚ್ಚಿದ್ದನ್ನು ಬಿಚ್ಚಬೇಕು. ಒಂದು ಚೀಲ ತಂದು ಪೊಟ್ಟಣಗಳನ್ನು ಹಾಗೆಯೇ ಅದಕ್ಕೆ ತುಂಬತೊಡಗಿದರು.

"ಎಲ್ಲಿಗೆ?" ಎಂದರು ಅಕ್ಕ.

"ಮನೆಗೆ. ಅಲ್ಲಿ ಯಾರೂ ಕೇಳಲ್ಲ."

"ಇಕ್ಕಳ ಮನೇಲಿಟ್ಕೊಂಡು ಯಾರ ಹಲ್ಲು ಕೀಳ್ತೀಯ? ನಂದಾ? ನನಗಿರೋದೇ ನಾಲ್ಕು."

"ತಮಾಷೆ ಬೇಡ ಅಕ್ಕ."

"ತಮಾಷೆ ಅಲ್ಲ ಕಣೋ. ಅವಳು ಆವತ್ತು ಹೊಟ್ಟೆ ಹಿಡ್ಕೊಂಡು ನಿಂತು ಇದನ್ನೆಲ್ಲ ತೊಳೆದಳಲ್ಲ, ನೀನು ನೋಡ್ತಾ ಕೂತಿರಲಿ ಅಂತಾನಾ? ಕೆಲಸ ನಿಲ್ಲಬಾರದು ಅಂತ. ನೀನೋ, ಜನರ ಬಾಯಿಗೆ ಹಸಿ ಪೊಟ್ಟಣ ಹಾಕಿ ಇದನ್ನ ಕಾಯ್ತಿದೀಯ."

"ಅವಳು ಬರೋ ತನಕ ಸಾಕು ಅಂದಿದ್ಲು" ಎಂದರು ಡಾಕ್ಟರು. ಮಾತು ಹೊರಗೆ ಬಂದ ಮೇಲೆ ಅದೆಷ್ಟು ಚಿಕ್ಕದೆಂದು ಅವರಿಗೇ ಕೇಳಿಸಿತು. "ಇದು ಖಾಲಿಯಾಗದೇ ಇದ್ರೆ..."

ಅಕ್ಕ ಅವರ ಕೈಯಿಂದ ಚೀಲ ತೆಗೆದುಕೊಂಡು, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

ಆ ಮಧ್ಯಾಹ್ನ ಡಾಕ್ಟರು ಕೈ ತೊಳೆದು ಬಂದು ಮೊದಲ ಪೊಟ್ಟಣ ಎತ್ತಿಕೊಂಡರು. ಎರಡು ಕಿವಿ ಹಿಡಿದು ಮೆಲ್ಲಗೆ ಬಿಡಿಸಿದರು. ಒಂದು ಜುಂಗೂ ಬೀಳಲಿಲ್ಲ. ಅಂಟು ಬಿಡುವಾಗ ಉಸಿರು ಬಿಟ್ಟಂಥ ಸಣ್ಣ ಸದ್ದು. ಆಮೇಲೆ ಎರಡನೆಯದು. ಸಂಸಾರ ಮಾಡಿದಷ್ಟು ವರ್ಷವೂ ಹೇಳಿಸಿಕೊಂಡದ್ದನ್ನು ಅವರು ಸರಿಯಾಗಿ ಮಾಡಿದ್ದು ಅವತ್ತೇ. ಭೇಷ್ ಅನ್ನಬೇಕಾದವರು ಇರಲಿಲ್ಲ. ಖಾಲಿ ಪೊಟ್ಟಣಗಳನ್ನು ಅಕ್ಕ ಮಡಿಲಲ್ಲಿ ಹಾಕಿಕೊಂಡು, ಒಂದೊಂದರ ಮೇಲಿನ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು: ಅತ್ತೆಮ್ಮ, ಭಾವ, ನಾದಿನಿ, ಇನ್ನೊಂದು ನಾದಿನಿ. ಒಂದು ಸಣ್ಣ ಮೊಂಡು ಚಿಮಟದ ಪೊಟ್ಟಣದ ಮೇಲೆ 'ಇವರು' ಎಂದಿತ್ತು. ಅದನ್ನು ಅಕ್ಕ ಗಟ್ಟಿಯಾಗಿ ಓದದೆ ತಮ್ಮನ ಕಡೆ ತಿರುಗಿಸಿ ಹಿಡಿದರು. ಗಂಡನನ್ನು ಆಕೆ ಕರೆಯುತ್ತಿದ್ದುದೇ ಹಾಗೆ. ಡಾಕ್ಟರು ಹೋಗಿ ನಲ್ಲಿ ತಿರುಗಿಸಿ, ತೊಳೆಯಲು ಏನೂ ಇಲ್ಲದ ತೊಟ್ಟಿಗೆ ನೀರು ಬಿಟ್ಟುಕೊಂಡು ಬಹಳ ಹೊತ್ತು ನಿಂತರು.

ಆಮೇಲೆ ಎಲ್ಲವನ್ನೂ ತೊಳೆದರು. ಹೊಸ ಪೊಟ್ಟಣಗಳ ಮೇಲೆ ತಾರೀಕು ಬರೆದರು. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಕಂಪನಿಯ ಹೆಸರನ್ನೇ ಬರೆದರು. ಯಂತ್ರ ಒಣಗಿಸಿ ಮುಗಿಸುವ ತನಕ ಕಾದರು.

ಮಾತು ಕೊಟ್ಟಂತೆ ಅಧಿಕಾರಿ ಬಂದರು. ಪೊಟ್ಟಣ ಮುಟ್ಟಿದರು, ಬೆರಳು ಒದ್ದೆಯಾಗಲಿಲ್ಲ. ಫ್ಯಾನು ಕಾಣಲಿಲ್ಲ.

"ಹಳೆಯ ಪೊಟ್ಟಣಗಳನ್ನ ಏನು ಮಾಡಿದ್ರಿ?" ಎಂದರು.

"ಮನೇಲಿವೆ."

ಅಧಿಕಾರಿ ಕನ್ನಡಕ ಇಳಿಸಿದರು. "ಮನೆ ನನ್ನ ತಪಾಸಣೆಗೆ ಬರಲ್ಲ" ಎಂದು ಹೇಳಿ, ಬೆನ್ನು ಸವರಲು ಸಿದ್ಧವಾಗಿದ್ದ ಅಕ್ಕನ ಕೈಯಿಂದ ಹುಷಾರಾಗಿ ತಪ್ಪಿಸಿಕೊಂಡು ಹೊರಟರು.

ಕ್ಲಿನಿಕ್ಕು ತೆರೆದ ದಿನ ಎಲ್ಲರಿಗಿಂತ ಮುಂಚೆ ಬಂದವರು ಅಧ್ಯಕ್ಷರು. ಹಲ್ಲು ಇನ್ನು ಮುಂದೂಡಿಕೆಗೆ ಒಪ್ಪುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಎರಡನೆಯವನು. ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರು ಬಗ್ಗಿ ಮೂರನೇ ಡ್ರಾಯರು ಎಳೆದು, ಒಂದು ದೊಡ್ಡ ಇಕ್ಕಳದ ಪೊಟ್ಟಣ ತೆಗೆದು, ಎರಡು ಕಿವಿ ಹಿಡಿದು ಮೆಲ್ಲಗೆ ಬಿಡಿಸಿದರು. ಡ್ರಾಯರು ಸಲೀಸಾಗಿ ಮುಚ್ಚಿಕೊಂಡಿತು. ಈಗ ಅದೂ ಮಿಕ್ಕವುಗಳಂತೆ ಅರೆಬರೆ ಖಾಲಿ. ಅಧ್ಯಕ್ಷರ ಮುಖ ಊದಿದ ಕೆನ್ನೆಯ ಜೊತೆಯಲ್ಲೇ ಅರಳಿತು. ಮಲಗಿದಲ್ಲಿಂದಲೇ ಕತ್ತು ತಿರುಗಿಸಿ, ನನಗೂ ಕೇಳಿಸುವಂತೆ ಅಂದರು:

"ಅಂತೂ ತೆಗೆದ್ರಿ ಡಾಕ್ಟ್ರೇ. ಅದೇನು, ಯಾರೋ ಬರ್ತಾರೆ ಅಂತ ಇಷ್ಟು ದಿನ ಎತ್ತಿಟ್ಟಿದ್ರಲ್ಲ, ಆ ದೊಡ್ಡ ಮನುಷ್ಯರು ಬರಲಿಲ್ವಾ ಕೊನೆಗೂ?"

ಡಾಕ್ಟರು ದೀಪವನ್ನು ಅಧ್ಯಕ್ಷರ ಮುಖದ ಮೇಲೆ ಎಳೆದುಕೊಂಡರು.

"ಬರಲ್ಲ" ಎಂದರು. "ಬಾಯಿ ತೆಗೀರಿ."